ಸೇರಂಗಿಲ್ಲ

ಸಣ್ಣ ಒರಳಲ್ಲಿ ಎಲೆ-ಅಡಿಕೆ ಕುಟ್ಟುತ್ತಿದ್ದ ನಾದಿನಿಯ ಕೈಯನ್ನು ದೇವಕ್ಕ ಗಪ್ಪನೆ ಹಿಡಿದಳು.

"ಅಕ್ಕಾರ, ಅವರ ಬಾಯಿಗೆ ಅದನ್ನ ಹಾಕಬ್ಯಾಡ್ರಿ. ಒಂದಿನಾನೂ ಎಲಿ ತಿಂದಾವರಲ್ಲ."

"ಹುಚ್ಚಿ! ಬಾಯಿಗೆ ಎಲಿ ಹಾಕದ ಯಾರನ್ನರ ಮಣ್ಣ ಮಾಡ್ಯಾರೇನ?" ಎಂದಳು ಸೋಮವ್ವ. ತಮ್ಮ ಸತ್ತ ಸುದ್ದಿ ಕೇಳಿ ಸಾಲಹಳ್ಳಿಯಿಂದ ಮೊದಲ ಬಸ್ಸಿಗೇ ಬಂದವಳು.

ಪಡಸಾಲೆಯ ಮೂಲೆಯಲ್ಲಿ ದೇವಕ್ಕನ ಗಂಡ ದುಂಡಪ್ಪನ ಹೆಣವನ್ನು ಕೂರಿಸಿದ್ದರು, ಹಣೆ ತುಂಬ ವಿಭೂತಿ. ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವನು, ನಿನ್ನೆ ಸಂಜೆ ಸ್ಟೇರಿಂಗ್ ಮೇಲೆ ತಲೆಯಿಟ್ಟವನು ಏಳಲೇ ಇಲ್ಲ. ಟ್ರ್ಯಾಕ್ಟರಿಗೆ ಬೈದಷ್ಟು ಮಾತನ್ನೂ ಆ ಪುಣ್ಯಾತ್ಮ ಮನುಷ್ಯರ ಜೊತೆ ಆಡಿದವನಲ್ಲ.

*

ತೊಂಬತ್ತೊಂದರ ಬೇಸಿಗೆ. ಮದುವೆಯ ಹೊಸತು. ತುಟಿ ಕೆಂಪಾಗಲೆಂದು ಎಲೆ ಮೆದ್ದು ದೇವಕ್ಕ ಆಸೆಯಿಂದ ಗಂಡನ ಪಕ್ಕ ಕೂತಳು. ಅವನು ಮುಖ ಕಿವುಚಿದ.

"ನನಗ ಸೇರಂಗಿಲ್ಲ," ಎಂದು ಗೋಡೆಯತ್ತ ಹೊರಳಿದ.

ತಾನೇ ಅವನಿಗೆ ಸೇರಲಿಲ್ಲ ಅಂದುಕೊಂಡಳು ದೇವಕ್ಕ. ಕೇಳುವ ಧೈರ್ಯವಾಗಲಿಲ್ಲ. ಅಂದಿನಿಂದ ದಿನಾ ರಾತ್ರಿ ಉಂಡ ಮೇಲೆ ಅವಳಿಗೆ ಎಲೆಯೇ ಸಮಾಧಾನ, ಅವನಿಗೆ ಗೋಡೆ.

*

"ನಮ್ಮವ್ವ ಸತ್ತಾಗ ಇವನ ಹಾಲಹಲ್ಲೂ ಬಿದ್ದಿರಲಿಲ್ಲ," ಸೋಮವ್ವ ಮೂಗು ಒರೆಸಿಕೊಂಡಳು. "ನಮ್ಮಿಬ್ಬರ ಕೈಲೇ ಅವ್ವನ ಬಾಯಿಗೆ ಎಲಿ ಹಾಕಿಸಿದ್ರು. ಅವತ್ತಿಂದ ಎಲಿ ವಾಸನಿ ಬಂದ್ರ ಹೆಣದ ವಾಸನಿ ಅಂತ ಎದ್ದು ಹೋಗಾಂವ. ನನಗ ನೋಡು, ಎಲಿ ಬಾಯಾಗಿದ್ರ ಅವ್ವ ಬಾಜೂಕ ಕುಂತಂಗ. ಒಂದ ಹೊಟ್ಟಿಯಾಗ ಹುಟ್ಟೇವಿ! ನಿನಗ ಹೇಳಿರಲಿಲ್ಲೇನ?"

ದೇವಕ್ಕ ಒರಳಿನತ್ತ ನೋಡಿದಳು.

"ಸೇರಂಗಿಲ್ಲ ಅಂತ ಹೇಳಿದ್ರು. ನಾನ ಬ್ಯಾರೆ ತಿಳಕೊಂಡೆ."

"ಹೊತ್ತಾತು, ಲಗೂ ಮುಗಸ್ರಿ!" ಅಂಗಳದಿಂದ ಹಿರಿಯ ನಿಜಗುಣಪ್ಪ ಕೂಗಿದ.

ದೇವಕ್ಕ ಕುಟ್ಟಿದ ಎಲೆಯನ್ನೆಲ್ಲ ಬಾಚಿ ತನ್ನ ಬಾಯಿಗೇ ತುಂಬಿಕೊಂಡಳು. "ಅವರ ಪಾಲಿಂದು ನಾ ತಿಂತೇನಿ."

ಸುತ್ತ ಕೂತಿದ್ದ ಹೆಂಗಸರು ಹೌಹಾರಿದರು. ಕೆಂಪು ತುಟಿಯಲ್ಲೇ ಅವಳು ಗಂಡನ ಮುಖದತ್ತ ಬಾಗಿದಳು. ತಲೆ ನಿಲ್ಲಲೆಂದು ಕಟ್ಟಿದ ಬಟ್ಟೆ ಸಡಿಲಾಗಿತ್ತೋ ಏನೋ, ದುಂಡಪ್ಪನ ತಲೆ ಮೆಲ್ಲಗೆ ಗೋಡೆಯತ್ತ ಹೊರಳಿತು. ಸೋಮವ್ವ ನೆಟ್ಟಗೆ ಮಾಡಿದಳು. ಮತ್ತೆ ಹೊರಳಿತು.

ದೇವಕ್ಕ ಹಿತ್ತಲಿಗೆ ಓಡಿದಳು. ಉಗುಳಿದಳು, ಬಾಯಿ ಮುಕ್ಕಳಿಸಿದಳು, ನೀರು ತಿಳಿಯಾಗುವ ತನಕ ಮುಕ್ಕಳಿಸಿದಳು. ಬಂದು ಗಂಡನ ಎದುರು ಕೂತು, ಒದ್ದೆ ಕೈಯಲ್ಲಿ ಅವನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿ ಕೈ ಬಿಟ್ಟಳು.

ಈ ಸಲ ತಲೆ ಹೊರಳಲಿಲ್ಲ.