ಬಲಕ್ಕೆ ಒಂಬತ್ತು

ಬೊದ್ನಾರ್ ಯೋಲಾನ್ ಬಾಯಿ ಬಿಟ್ಟಳೆಂದರೆ ದುರ್ಬೀನು ಬೇಕಾಗಿರಲಿಲ್ಲ. ಇದು ಕೊಮ್ಲೋ ಎಂಬ ಕಲ್ಲಿದ್ದಲಿನ ಊರಿನ ಗಣಿ ಕ್ಲಬ್ಬಿನಲ್ಲಿ ರೈಫಲ್ ಹಿಡಿದವರೆಲ್ಲ ಒಪ್ಪಿದ್ದ ಮಾತು. ಗುಂಡು ಹಾರಿದ ಕೂಡಲೇ, ಐವತ್ತು ಮೀಟರ್ ಆಚೆಯ ಗುರಿಯ ಕಾಗದವನ್ನು ದುರ್ಬೀನಿನಲ್ಲಿ ನೋಡುವ ಮೊದಲೇ, ಅದು ಎಲ್ಲಿ ಬಿತ್ತೆಂದು ಗಟ್ಟಿಯಾಗಿ ಹೇಳಬೇಕು. ಅಲ್ಲಿ ತರಬೇತಿ ಕೊಡುತ್ತಿದ್ದ ಕಾಲ್ಮಾನ್ ಮಾಮನ ಕಟ್ಟಪ್ಪಣೆ ಅದು. "ಕಣ್ಣಿಗೆ ಕಂಡದ್ದನ್ನ ಯಾವ ಕತ್ತೆ ಬೇಕಾದ್ರೂ ಹೇಳತ್ತೆ. ಬೆರಳು ಏನು ಹೇಳ್ತು, ಅದನ್ನ ಹೇಳು!" ಎಂದು ಗದರುತ್ತಿದ್ದ. ಉಳಿದವರು ನಟ್ಟನಡುವಿನ ಹತ್ತು ಎಂದು ಜಂಬದಿಂದ ಹೇಳಿದರೆ ಕಾಗದದಲ್ಲಿ ಎಂಟು ಇರುತ್ತಿತ್ತು. ಯೋಲಾನ್ ಮಾತ್ರ "ಹತ್ತು, ಎಡ ಅಂಚು" ಎಂದರೆ ಎಡ ಅಂಚೇ. ಹದಿನೈದನೇ ವಯಸ್ಸಿನಿಂದ ಇಪ್ಪತ್ತಾರರವರೆಗೆ ಅವಳು ತಪ್ಪು ಹೇಳಿದ್ದನ್ನು ಕೇಳಿದವರಿಲ್ಲ.

ಹೊಟ್ಟೆಪಾಡಿಗೆ ಅವಳು ಗಣಿಯ ದೀಪದ ಕೋಣೆಯಲ್ಲಿದ್ದಳು. ಪಾಳಿಗೆ ಇಳಿಯುವವರಿಗೆ ಕಿಟಕಿಯಿಂದ ದೀಪ ಕೊಡುವುದು, ಮೇಲೆ ಬಂದವರಿಂದ ಈಸಿಕೊಳ್ಳುವುದು, ಮಧ್ಯಾಹ್ನದ ಮೇಲೆ ಗುಡ್ಡದ ಬುಡದ ಶೂಟಿಂಗ್ ಮೈದಾನ. ಅಂಬ್ರುಶ್ ಅದೇ ಗಣಿಯಲ್ಲಿ ಸುರಂಗ ಅಳೆಯುವವನು. ಅವನಿಗೂ ರೈಫಲ್ ಹುಚ್ಚಿತ್ತು, ಆದರೆ ಗುರಿ ಎನ್ನುವುದು ಅವನ ಹಣೆಯಲ್ಲೇ ಬರೆದಿರಲಿಲ್ಲ. ಕಾಲ್ಮಾನ್ ಮಾಮ ತಲೆ ಚಚ್ಚಿಕೊಂಡು, "ನಿನಗೆ ಹೊಡೆಯೋಕೆ ಬರಲ್ಲ ಕಣಯ್ಯಾ, ಬೇರೆಯವರು ಹೊಡೆದದ್ದನ್ನ ಅಳಿ ಹೋಗು" ಎಂದು ಅವನನ್ನು ಅಂಕ ಎಣಿಸುವ ತೀರ್ಪುಗಾರರ ಸಾಲಿಗೆ ತಳ್ಳಿದ್ದ. ಆ ಕೆಲಸದಲ್ಲಿ ಅವನನ್ನು ಮೀರಿಸಿದವರಿರಲಿಲ್ಲ.

ಅವನು ದಿನ ಬೆಳಗಾದರೆ ದೀಪದ ಕಿಟಕಿಗೆ ಬಂದು ನಿಲ್ಲುತ್ತಿದ್ದ.

"ನನ್ನ ದೀಪ ಹತ್ತುತ್ತಾ ಇಲ್ಲ ಕಣೇ."

"ನಿನ್ನೆನೂ ಹತ್ತಲಿಲ್ಲ, ಮೊನ್ನೆನೂ ಹತ್ತಲಿಲ್ಲ. ದೀಪಕ್ಕೇನೂ ಆಗಿಲ್ಲ ಮಾರಾಯ, ನಿನಗೇ ಏನೋ ಆಗಿದೆ."

"ಹಾಗಾದ್ರೆ ನನ್ನನ್ನೇ ರಿಪೇರಿ ಮಾಡು."

ಹಿಂದೆ ಸಾಲು ನಿಂತ ಗಣಿಯವರು, "ಲೇ, ಬೇಗ ಮದ್ವೆಯಾಗಿ ಸಾಯ್ರೋ, ನಮಗೆ ಪಾಳಿಗೆ ಹೊತ್ತಾಯ್ತು" ಎಂದು ಕೂಗುತ್ತಿದ್ದರು. ಕೊನೆಗೆ ಉಂಗುರವೂ ಬಂತು. ಮದುವೆ ೧೯೮೪ರ ಸೆಪ್ಟೆಂಬರಿಗೆ ಎಂದು ನಿಶ್ಚಯವಾಯಿತು. ಅದಕ್ಕೂ ಮೊದಲೇ ಇಟ್ಟುಕೊಳ್ಳಬಹುದಿತ್ತು. ಆದರೆ ಆ ಬೇಸಿಗೆಯಲ್ಲಿ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಇತ್ತು, ಹೆಂಗಸರಿಗೆಂದೇ ಬೇರೆ ರೈಫಲ್ ಸ್ಪರ್ಧೆ ಇಟ್ಟಿದ್ದು ಅದೇ ಮೊದಲು. ಯೋಲಾನ್‌ಗೆ ಹಗಲೂ ಇರುಳೂ ಅದೇ ಜಪ.

ಏಪ್ರಿಲ್ ಕೊನೆಗೆ ಬುಡಾಪೆಸ್ಟಿನಲ್ಲಿ ಕೊನೆಯ ಆಯ್ಕೆ ನಡೆಯಿತು. ಉಳಿದದ್ದು ಒಂದೇ ಜಾಗ, ಅದಕ್ಕೆ ಯೋಲಾನ್ ಮತ್ತು ರಾಜಧಾನಿಯ ಗಿಜೆಲ್ಲಾ ಇಬ್ಬರ ನಡುವೆ ಪೈಪೋಟಿ. ಮಲಗಿ ಹೊಡೆದದ್ದಾಯಿತು, ನಿಂತು ಹೊಡೆದದ್ದಾಯಿತು. ಮೊಣಕಾಲೂರಿ ಹೊಡೆಯುವ ಸುತ್ತಿನ ಕಟ್ಟಕಡೆಯ ಗುಂಡು ಉಳಿಯಿತು. ಹತ್ತು ಬಿದ್ದರೆ ಯೋಲಾನ್, ಒಂಬತ್ತಾದರೆ ಗಿಜೆಲ್ಲಾ. ಉಸಿರು ಹಿಡಿದಳು. ಬೆರಳು ಕೂದಲೆಳೆಯಷ್ಟು ಅವಸರ ಮಾಡಿತು. ಗುಂಡು ಹಾರಿದೊಡನೆ ಅವಳ ತುಟಿ ತಾನೇ ತಾನಾಗಿ ಅಲುಗಿತು: ಒಂಬತ್ತು, ಬಲಕ್ಕೆ. ಯಾರಿಗೂ ಕೇಳಿಸಲಿಲ್ಲ. ಆಮೇಲೆ ದುರ್ಬೀನಿಗೆ ಕಣ್ಣಿಟ್ಟಳು. ತೂತು ಹತ್ತರ ಗೆರೆಗೆ ತಾಗಿದಂತೆಯೂ ಇತ್ತು, ತಾಗದಂತೆಯೂ ಇತ್ತು. ಅಯ್ಯೋ, ಆಸೆ ಅನ್ನುವುದು ಎಂಥ ಕೆಟ್ಟದ್ದು! ಅದುವರೆಗೆ ಬೆರಳನ್ನೇ ನಂಬಿ ಬದುಕಿದವಳು ಅಂದು ದುರ್ಬೀನನ್ನು ನಂಬಲು ಹೊರಟಳು.

ಗೆರೆಗೆ ತಾಗಿದ್ದರೆ ಹೆಚ್ಚಿನ ಅಂಕ, ಇದು ನಿಯಮ. ಅನುಮಾನ ಬಂದರೆ ಹಿಂದಿನ ಕೋಣೆಯಲ್ಲಿ ಮೂವರು ಕೂತು, ತೂತಿಗೆ ಗುಂಡಿನಷ್ಟೇ ದಪ್ಪದ ಅಳತೆ ಕಡ್ಡಿಯನ್ನು ತೂರಿಸಿ ಮಸೂರದಲ್ಲಿ ನೋಡುತ್ತಾರೆ. ಕಡ್ಡಿ ಹೋಗುವುದು ಒಂದೇ ಸಲ, ಎರಡನೇ ಸಲ ಹಾಕಿದರೆ ಕಾಗದ ಹರಿದು ತೂತಿನ ಅಂಚೇ ಕೆಡುತ್ತದೆ. ಕಾಗದದ ಮೇಲೆ ಹೆಸರಿರುವುದಿಲ್ಲ, ನಂಬರು ಮಾತ್ರ. ಮೊದಲನೆಯವನು ಹತ್ತು ಎಂದ. ಎರಡನೆಯವನು ಒಂಬತ್ತು ಎಂದ. ಮೂರನೆಯವನು ಅಂಬ್ರುಶ್. ನಮ್ಮದು ಅಂಗೈಯಗಲದ ದೇಶ, ಬಂದೂಕಿನವರೆಲ್ಲ ಒಂದೇ ಮನೆಯವರಿದ್ದ ಹಾಗೆ, ಹೊರಗಿನವನನ್ನು ಎಲ್ಲಿಂದ ತರುವುದು? ಅವನು ಬಹಳ ಹೊತ್ತು ಮಸೂರಕ್ಕೆ ಕಣ್ಣಿಟ್ಟಿದ್ದನಂತೆ. ಆಮೇಲೆ "ಒಂಬತ್ತು" ಎಂದನಂತೆ.

ಯೋಲಾನ್ ಅವನನ್ನು ಹೊರಗಿನ ಓಣಿಯಲ್ಲಿ ಹಿಡಿದಳು.

"ನೀನಾ ಹೇಳಿದ್ದು?"

"ಹೂಂ."

"ನನ್ನ ನಂಬರು ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಉಂಗುರ ಕಿತ್ತು ಅವನ ಕೋಟಿನ ಜೇಬಿಗೆ ಹಾಕಿದಳು. "ತಗೋ. ಇದನ್ನೂ ಅಳೆದುಕೋ."

ಅಂಬ್ರುಶ್‌ನ ಮುಖ ಸುಣ್ಣದ ಗೋಡೆಯ ಹಾಗೆ ಬೆಳ್ಳಗಾಗಿತ್ತು.

ನೋಡಿ, ಅದು ಒಂಬತ್ತೆಂದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಿದಳು. ಅವನು ನನಗಾಗಿ ಒಂದು ಎಳೆಯಷ್ಟೂ ವಾಲಲಿಲ್ಲವಲ್ಲ ಎನ್ನುವ ಸಿಟ್ಟು. ರೈಲಿನಲ್ಲಿ ಕೊಮ್ಲೋವರೆಗೂ ಅವಳು ಆ ಸಿಟ್ಟನ್ನೇ ಅಗಿಯುತ್ತ ಬಂದಳು. ಯಾರಾದರೂ ಆಗಲೇ ಅವಳ ಕಿವಿ ಹಿಂಡಿ ಬುದ್ಧಿ ಹೇಳಬೇಕಿತ್ತು. ಆದರೆ ಎಲ್ಲರೂ "ಪಾಪ, ಸ್ವಂತ ಗಂಡನಾಗುವವನೇ ಹೀಗೆ ಮಾಡಿದನಲ್ಲ" ಎಂದು ಅವಳಿಗೇ ಲೊಚಗುಟ್ಟಿದರು.

ಮೂರು ವಾರ ಕಳೆಯಿತು. ಮಾಸ್ಕೋದವರು ಒಲಿಂಪಿಕ್ಸ್‌ಗೆ ಹೋಗುವುದಿಲ್ಲವಂತೆ, ಆದ್ದರಿಂದ ಅವರ ಬಣದ ನಾವೂ ಹೋಗುವುದಿಲ್ಲವೆಂದು ರೇಡಿಯೋದಲ್ಲಿ ಬಂತು. ಗಿಜೆಲ್ಲಾ ಹೋಗಲಿಲ್ಲ, ಯಾರೂ ಹೋಗಲಿಲ್ಲ. ಯೋಲಾನ್ ಆ ಸುದ್ದಿಯನ್ನು ದೀಪದ ಕೋಣೆಯಲ್ಲಿ ನಿಂತು ಕೇಳಿದಳು. ಮೊದಲು ಅಳು ಬಂತು, ಆಮೇಲೆ ಏನೋ ಹಗುರವಾಯಿತು. ಜಗಳಕ್ಕೆ ಕಾರಣವೇ ಇಲ್ಲವಾಯಿತಲ್ಲ, ಇನ್ನು ಅಂಬ್ರುಶ್ ಬರುತ್ತಾನೆ ಎಂದುಕೊಂಡಳು. ಬಂದರೆ ನಿಜ ಹೇಳಿಬಿಡುವುದು, ಅವನ ಭುಜಕ್ಕೆ ತಲೆಯಿಟ್ಟು ಅತ್ತುಬಿಡುವುದು. ಆದರೆ ತಾನಾಗಿ ಹೋಗುವುದು ಮಾತ್ರ ಸಾಧ್ಯವಿಲ್ಲ. ಎಂಥ ಹಟ ಅಂತೀರಿ!

ಅವನು ಬರಲಿಲ್ಲ. ಕಿಟಕಿಗೆ ಬಂದು ದೀಪ ತೆಗೆದುಕೊಳ್ಳುವಾಗಲೂ ತಲೆ ಎತ್ತುತ್ತಿರಲಿಲ್ಲ. ಆ ಶರತ್ಕಾಲದಲ್ಲಿ ಉತ್ತರದ ಮಿಶ್ಕೋಲ್ಟ್ಸ್ ಕಡೆಯ ಗಣಿಗೆ ವರ್ಗ ಮಾಡಿಸಿಕೊಂಡು ಹೋದ.

ಆಮೇಲಿನದು ಯೋಲಾನ್ ಹೆಸರು ಮಾಡಿದ ಕಾಲ. ನಾಲ್ಕು ಸಲ ದೇಶಕ್ಕೇ ಮೊದಲಿಗಳಾದಳು, ಯುರೋಪಿನ ಸ್ಪರ್ಧೆಯಲ್ಲಿ ತಂಡದ ಜೊತೆ ಕಂಚು ತಂದಳು. ಸಿಯೋಲ್ ಒಲಿಂಪಿಕ್ಸ್ ಎರಡು ಅಂಕಕ್ಕೆ ತಪ್ಪಿತು, ಅದರ ಮುಂದಿನದು ಬರುವ ಹೊತ್ತಿಗೆ ಬಲಗಣ್ಣು ಮಂಜಾಗತೊಡಗಿತ್ತು. ಆದರೆ ಆ ಏಪ್ರಿಲ್ ನಂತರ ಅವಳು ಗುಂಡು ಎಲ್ಲಿ ಬಿತ್ತೆಂದು ಒಮ್ಮೆಯೂ ಬಾಯಿಬಿಟ್ಟು ಹೇಳಲಿಲ್ಲ.

"ಯಾಕೆ ಹೇಳಲ್ಲ?" ಎಂದು ಕಾಲ್ಮಾನ್ ಮಾಮ ಕೇಳಿದ.

"ಗಂಟಲು ನೋವು ಮಾಮ."

"ಎರಡು ವರ್ಷದಿಂದ?"

"ಹೂಂ, ಹಳೇ ನೋವು."

ಅವನು ದುರ್ಬೀನನ್ನು ಅವಳತ್ತ ತಳ್ಳಿದ.

ಮಿಶ್ಕೋಲ್ಟ್ಸ್‌ನಲ್ಲಿ ಸ್ಪರ್ಧೆ ಇದೆಯೆಂದರೆ ಅವಳು ಹಿಂದಿನ ದಿನ ತಲೆಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಅಂಗಿ ಇಸ್ತ್ರಿ ಮಾಡಿಕೊಳ್ಳುತ್ತಿದ್ದಳು. ಅಲ್ಲಿ ಅಂಕದ ಕೋಣೆಯ ಬಾಗಿಲು ತೆರೆದಾಗಲೆಲ್ಲ ಕತ್ತು ತಿರುಗುತ್ತಿತ್ತು. ಅಂಬ್ರುಶ್ ಅಳತೆ ಕಡ್ಡಿಯನ್ನೇ ಬಿಟ್ಟುಬಿಟ್ಟನಂತೆ, ಮೈದಾನದ ಕಡೆ ತಲೆ ಹಾಕುವುದಿಲ್ಲವಂತೆ ಎಂದು ಯಾರೋ ಹೇಳಿದರು. ನನ್ನ ಮುಖ ನೋಡಬಾರದೆಂದೇ ಬಿಟ್ಟಿದ್ದಾನೆ ಎಂದುಕೊಂಡಳು. ಅವನಿಗೆ ಮದುವೆಯಾಯಿತೆಂಬ ಸುದ್ದಿ ಬಂದ ದಿನ ಐವತ್ತು ಗುಂಡು ಹೊಡೆದಳು, ಒಂದೂ ಹತ್ತಕ್ಕೆ ಬೀಳಲಿಲ್ಲ. ಅವಳನ್ನು ಕೇಳಿ ಬಂದವರು ಇರಲಿಲ್ಲವೆಂದಲ್ಲ. ಒಳ್ಳೆಯವರೇ ಬಂದರು. ಕೂತು ಕಾಫಿ ಕುಡಿದರು, ಅವಳ ಅಮ್ಮ ಮಾಡಿದ ಗಸಗಸೆ ಸುರುಳಿ ತಿಂದರು, ಹೋದರು. ಅವಳಿಗೆ ಬೇಕಾದವನು ಒಬ್ಬನೇ, ಅವನಿಗೆ ಹೇಳಬೇಕಾದ ಮಾತೂ ಒಂದೇ. ನೀನು ಹೇಳಿದ್ದು ಸರಿಯಾಗಿತ್ತು, ಅಷ್ಟೇ. ಅಷ್ಟನ್ನು ಕಾಗದದಲ್ಲಿ ಬರೆದು ಹರಿದದ್ದು ಎಷ್ಟು ಸಲವೋ.

ಹೀಗೆ ಮೂವತ್ತು ವರ್ಷ ಹೋಯಿತು. ಗಣಿ ಮುಚ್ಚಿತು, ಕ್ಲಬ್ಬೂ ಮುಚ್ಚಿತು, ಮೈದಾನದಲ್ಲಿ ಸೊಂಟದೆತ್ತರ ಹುಲ್ಲು ಬೆಳೆಯಿತು. ಎಂಬತ್ತೆಂಟಾದ ಕಾಲ್ಮಾನ್ ಮಾಮ ಮಾತ್ರ ಗುಂಡುಕಲ್ಲಿನಂತಿದ್ದ. ಅಕ್ಟೋಬರಿನಲ್ಲಿ ಪಂಚಾಂಗದಲ್ಲಿ ತನ್ನ ಹೆಸರಿಗೆ ಮೀಸಲಾದ ದಿನದ ಹಬ್ಬವನ್ನು ಅದೇ ಮೈದಾನದಲ್ಲಿ ಮಾಡಬೇಕೆಂದು ಹಟ ಹಿಡಿದ. ಹಳಬರೆಲ್ಲ ಸೇರಿ ಹುಲ್ಲು ಸವರಿ, ಮೂರು ಗಳ ಕಟ್ಟಿ ದೊಡ್ಡ ಕಡಾಯಿ ತೂಗುಹಾಕಿ ಗೂಲಾಶ್ ಎಂಬ ಮಾಂಸದ ಸಾರು ಬೇಯಿಸಲು ಇಟ್ಟರು. ಯೋಲಾನ್ ಈರುಳ್ಳಿ ಹೆಚ್ಚುತ್ತಿದ್ದಾಗ ಗೇಟಿನಲ್ಲಿ ಅಂಬ್ರುಶ್ ಕಂಡ. ಕೂದಲೆಲ್ಲ ನರೆತಿತ್ತು. ನಡೆಯುವಾಗ ಎಡ ಭುಜ ಇಳಿಬಿಡುವುದು ಮಾತ್ರ ಹಾಗೇ ಇತ್ತು. ಅವಳ ಕಣ್ಣಲ್ಲಿ ನೀರು ಬಂದದ್ದಕ್ಕೆ ಈರುಳ್ಳಿ ಒಳ್ಳೆಯ ನೆಪವಾಯಿತು.

"ಏಯ್ ಅಂಬ್ರುಶ್! ಇನ್ನೂ ಬದುಕಿದ್ದೀಯೇನೋ?" ಕಾಲ್ಮಾನ್ ಮಾಮ ಕುರ್ಚಿಯಿಂದಲೇ ಕೂಗಿದ. "ಬಾ, ಅಲ್ಲಿ ಅವಳ ಪಕ್ಕ ಕೂತ್ಕೋ. ಕಚ್ಚಲ್ಲ, ಅರ್ಧ ಹಲ್ಲು ಉದುರಿಹೋಗಿದೆ."

"ನಿಮ್ದು ಪೂರ್ತಿ ಉದುರಿದೆ ಮಾಮ, ಸುಮ್ನೆ ಕೂತ್ಕೊಳ್ಳಿ" ಎಂದಳು ಯೋಲಾನ್. ಚಾಕು ಕೆಳಗಿಟ್ಟಳು.

ಅಂಬ್ರುಶ್ ಬೆಂಚಿನ ಆ ತುದಿಗೆ ಕೂತ. "ಚೆನ್ನಾಗಿದ್ದೀರಾ?" ಎಂದ. ಆ ಬಹುವಚನ ಅವಳ ಕೆನ್ನೆಗೆ ಹೊಡೆದ ಹಾಗಾಯಿತು. ಚೆನ್ನಾಗಿದ್ದೇನೆ ಎಂದಳು. ಹೆಂಡತಿ ತೀರಿಹೋಗಿ ನಾಲ್ಕು ವರ್ಷವಾಯಿತೆಂದು ಅವನು ಹೇಳಿದ. ಕೇಳಿದೆ ಎಂದಳು. ಈಗ ಹೇಳಬೇಕು, ಈಗಲೇ, ಎಂದು ಅವಳು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಅವನೇ ಬಾಯಿ ತೆರೆದ.

"ನಾನು ಮಾಮನ ಹಬ್ಬಕ್ಕೆ ಅಂತ ಬಂದದ್ದಲ್ಲ ಯೋಲಾನ್. ನಿಮಗೊಂದು ಮಾತು ಹೇಳ್ಬೇಕು. ಅವತ್ತು ನನಗೆ ಕಂಡದ್ದು ಹತ್ತು."

ಅವಳಿಗೆ ಒಂದು ಕ್ಷಣ ಅರ್ಥವೇ ಆಗಲಿಲ್ಲ.

"ಮಸೂರದಲ್ಲಿ ಗೆರೆ ತಾಗಿದ ಹಾಗೇ ಕಾಣ್ತು. ಬೇರೆ ಯಾವ ಹುಡುಗಿದಾಗಿದ್ರೂ ಹತ್ತು ಅಂತಿದ್ದೆ. ನಿಮ್ಮ ನಂಬರು ನೋಡಿ ಹೆದರಿದೆ. ಗಂಡನಾಗೋನು ದಾನ ಕೊಟ್ಟ ಅಂತ ನಿಮ್ಮನ್ನ ಜೀವಮಾನ ಪೂರ್ತಿ ಆಡ್ಕೋತಾರೆ ಅನ್ನಿಸ್ತು. ನಿಮ್ಮ ಹತ್ತನ್ನ ನಾನೇ ಕಿತ್ಕೊಂಡೆ. ಆಮೇಲೆ ಆ ಕಡ್ಡಿ ಮುಟ್ಟೋಕೆ ಕೈ ಬರಲಿಲ್ಲ." ಅವನು ಟೋಪಿಯನ್ನು ಮೊಣಕಾಲ ಮೇಲಿಟ್ಟು ತಿರುಗಿಸುತ್ತ ಕೂತ. "ಕ್ಷಮಿಸೋಕಾಗತ್ತಾ? ಆಗತ್ತೆ ಅಂದ್ರೆ, ಒಂದೊಂದು ಭಾನುವಾರ ಬಂದು ಹೋಗ್ತಿದ್ದೆ."

ಭಾನುವಾರ! ಮೂವತ್ತು ವರ್ಷ ಯಾವುದಕ್ಕಾಗಿ ಹಂಬಲಿಸಿದಳೋ ಅದು ಬಂದು ಪಕ್ಕದಲ್ಲಿ ಕೂತಿತ್ತು. ಕ್ಷಮಿಸಿದೆ ಎಂಬ ಒಂದು ಮಾತು ಸಾಕು. ಅವನು ಬರುತ್ತಾನೆ, ಸೂಪು ಮಾಡಿಡಬಹುದು, ಸಂಜೆಯವರೆಗೆ ಇಸ್ಪೀಟು ಆಡಬಹುದು. ಅನ್ಯಾಯವಾದದ್ದು ತನಗೇ ಎಂದು ಕೊನೆಯವರೆಗೂ ದೊಡ್ಡವಳಾಗಿ ಇರಬಹುದು. ಅವನು ಮಾತ್ರ ಇಲ್ಲದ ಪಾಪವನ್ನು ಹೊತ್ತುಕೊಂಡೇ ಬಂದು ಹೋಗುತ್ತಿರುತ್ತಾನೆ. ಅವನ ಬಗ್ಗಿದ ಬೆನ್ನು ನೋಡಿದಳು. ನೋಡಲಾಗಲಿಲ್ಲ.

"ಒಂಬತ್ತು" ಎಂದಳು ಗಟ್ಟಿಯಾಗಿ. "ಬಲಕ್ಕೆ."

"ಏನಂದ್ರಿ?"

"ನಿನಗೇನು ಕಾಣ್ತೋ ನನಗೆ ಬೇಡ. ಟ್ರಿಗರ್ ಎಳೆದೋಳು ನಾನು. ಎಳೆದಾಗಲೇ ಗೊತ್ತಿತ್ತು. ಅದು ಒಂಬತ್ತೇ ಅಂಬ್ರುಶ್, ನೀನು ನನ್ನದೇನೂ ಕಿತ್ಕೊಳ್ಳಲಿಲ್ಲ."

ಕಡಾಯಿಯ ಹತ್ತಿರ ಯಾರೋ ನಕ್ಕರು, ಯಾರೋ ಖಾರ ಸಾಲದೆಂದು ಬೈದರು. ಅಂಬ್ರುಶ್‌ನ ಕೈಯಲ್ಲಿ ಟೋಪಿ ತಿರುಗುವುದು ನಿಂತಿತ್ತು.

"ಉಂಗುರ ಕೊಟ್ಟಾಗಲೂ ಗೊತ್ತಿತ್ತಾ?"

"ಗೊತ್ತಿತ್ತು."

"ಹಾಗಾದ್ರೆ ಯಾಕೆ..."

"ನನಗೋಸ್ಕರ ನೀನು ವಾಲಲಿಲ್ಲ ಅಂತ. ಸೊಕ್ಕು ಕಣೋ, ಇನ್ನೇನು. ನೀನು ಬರ್ತೀಯ, ಬಂದಾಗ ಹೇಳೋಣ ಅಂತ ಕಾದೆ. ನೀನು ಯಾಕೆ ಬರ್ಲಿಲ್ಲ?"

"ಯಾವ ಮುಖ ಇಟ್ಕೊಂಡು ಬರ್ಲಿ?" ಅವನ ದನಿ ಒಡೆಯಿತು. "ಮೋಸ ಮಾಡಿದೋನು ನಾನು ಅಂದ್ಕೊಂಡಿದ್ದೆನಲ್ಲೇ. ನಿಮ್ಮ ಬೀದಿ ಮೂಲೆವರೆಗೂ ಬಂದು ವಾಪಸ್ ಹೋದದ್ದು ಎಷ್ಟು ಸಲ ಗೊತ್ತಾ? ತಪ್ಪು ನಂದಲ್ಲ ಅಂತ ಒಂದು ಸಲ, ಒಂದೇ ಒಂದು ಸಲ ಹೇಳಿದ್ರೆ ಬಾಗಿಲು ಮುರ್ಕೊಂಡು ಬರ್ತಿದ್ದೆ ಯೋಲಿ."

ಆ ಬೀದಿಯ ಕಡೆಗಿನ ಕಿಟಕಿಯಲ್ಲಿ ಯೋಲಾನ್ ಪರದೆ ಸರಿಸಿಕೊಂಡೇ ಕೂತಿರುತ್ತಿದ್ದಳು. ಮೂಲೆ ಮಾತ್ರ ಅಲ್ಲಿಂದ ಕಾಣುತ್ತಿರಲಿಲ್ಲ.

ಅಂಬ್ರುಶ್ ಎದ್ದ. ಟೋಪಿ ಹಾಕಿಕೊಂಡ. ಅವಳ ಕಡೆ ನೋಡದೆ, ಕಾಲ್ಮಾನ್ ಮಾಮನಿಗೂ ಹೇಳದೆ, ಕೊಯ್ದ ಹುಲ್ಲಿನ ಮೇಲೆ ಗೇಟಿನತ್ತ ಹೊರಟ.

"ಲೇ, ಊಟ ಆಗ್ಲಿಲ್ಲ, ಎಲ್ಲಿಗೋ?" ಎಂದು ಮಾಮ ಕೂಗಿದ. ಎಲ್ಲರೂ ತಿರುಗಿ ನೋಡಿದರು.

ಯೋಲಾನ್ ಕೂತಿರಲಿಲ್ಲ. ಅಷ್ಟು ಜನರ ಎದುರಿಗೆ, ಈರುಳ್ಳಿಯ ಕೈಯಲ್ಲೇ, ಮಂಡಿ ನೋವನ್ನೂ ಲೆಕ್ಕಿಸದೆ ಅವನ ಹಿಂದೆ ಓಡುತ್ತಿದ್ದಳು. "ಅಂಬ್ರುಶ್! ನಿಲ್ಲೋ! ನಾನೇ ಬರ್ತಿದ್ದೀನಿ, ನಿಲ್ಲೋ!" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿದಳು.

ಅವನು ನಿಲ್ಲಲಿಲ್ಲ. ಆದರೆ ನಡಿಗೆ ನಿಧಾನವಾಯಿತು.