ಫಿಲ್ಟರ್ ಪೆಟ್ಟಿಗೆಯ ಮೇಲೆ ಕೂತ ಅತ್ತೆ

ಮೂವತ್ತು ವರ್ಷ ಊರಿಗೆಲ್ಲ ಕುಡಿಯುವ ನೀರು ಶುದ್ಧಮಾಡಿ ಕೊಟ್ಟು ನಿವೃತ್ತನಾದ ಎಂಜಿನಿಯರನಿಗೆ ಹಿತ್ತಲಿನ ಮೀನುಕೊಳ ಯಾವ ಲೆಕ್ಕ? ಹಾಗಂತ ಅವನೇ ಅಂದುಕೊಂಡಿದ್ದ. ಆರು ಮೀನಿಗೆ ಹದಿನಾಲ್ಕು ನಕ್ಷೆ ಬರೆದ. ಸೊಂಟದಾಳ ಗುಂಡಿ ತೋಡಿಸಿ, ದಪ್ಪ ರಬ್ಬರ್ ಹಾಳೆ ಹಾಸಿ, ಪಂಪು ಇಳಿಸಿದ. ದಡದ ಮೇಲೊಂದು ಮರದ ಪೆಟ್ಟಿಗೆ. ಅದರೊಳಗೆ ಸ್ಪಂಜು, ಜಲ್ಲಿಕಲ್ಲು. ಕೊಳದ ನೀರು ಅದರಲ್ಲಿ ಸೋಸಿಕೊಂಡು ಸಣ್ಣ ಝರಿಯಾಗಿ ಮರಳಿ ಬೀಳಬೇಕು. ಬಿತ್ತು ಕೂಡ.

ಎರಡನೇ ವಾರಕ್ಕೆ ನೀರು ಅಕ್ಕಿ ತೊಳೆದಂತೆ ಕದಡಿತು. ಎಂಜಿನಿಯರ್ ಸ್ಪಂಜು ಕಿತ್ತು ನಲ್ಲಿಯಡಿ ಹಿಡಿದು ಉಜ್ಜಿದ. ಮರುದಿನ ಇನ್ನೂ ಕದಡಿತು. ಇನ್ನೂ ಜೋರಾಗಿ ಉಜ್ಜಿದ. ಮೀನುಗಳು ಮೇಲೆ ಬಂದು ಬಾಯಿಬಾಯಿ ಬಿಡತೊಡಗಿದವು.

ಹೆಂಡತಿ ಗಾಬರಿಯಾಗಿ, ಮೀನು ಕೊಟ್ಟ ಅಂಗಡಿಯವಳನ್ನೇ ಕರೆತಂದಳು. ಅವಳು ಪೆಟ್ಟಿಗೆ ತೆರೆದು ಮೂಗಿನ ಮೇಲೆ ಬೆರಳಿಟ್ಟಳು.

"ದಿನಾ ತೊಳೀತೀರಾ ಸಾರ್? ನೀರು ಶುದ್ಧ ಮಾಡೋದು ಬರೀ ಸ್ಪಂಜಲ್ಲ, ಅದರಲ್ಲಿ ಬೆಳೆಯೋ ಸೂಕ್ಷ್ಮಜೀವಿಗಳು. ನಲ್ಲಿ ನೀರಿನ ಕ್ಲೋರಿನ್‌ನಿಂದ ಅವನ್ನೇ ಸಾಯಿಸ್ತಿದ್ದೀರ. ಮೇವು ಕಮ್ಮಿ ಮಾಡಿ, ಒಂದು ತಿಂಗಳು ಇದನ್ನ ಮುಟ್ಟಬೇಡಿ."

"ಕ್ಲೋರಿನ್ ವಿಷಯ ನನಗೇ ಹೇಳ್ತೀಯೇನಮ್ಮ? ಊರಿಗೆಲ್ಲ ಹಾಕಿದವನು ನಾನು!"

"ಅದಕ್ಕೇ ಸಾರ್. ಅಲ್ಲಿ ಕೊಲ್ಲೋದು ನಿಮ್ಮ ಕೆಲಸ. ಇಲ್ಲಿ ಸಾಕೋದು."

ಮಾತು ನಾಟಿತು. ಆದರೆ ಹುಟ್ಟುಗುಣ ಸುಟ್ಟರೂ ಹೋದೀತೆ? ಬೆಳಗಾದದ್ದೇ ಬ್ರಷ್ ಹಿಡಿದು ಹಿತ್ತಲಿಗೆ ಹೋದರೆ, ಪೆಟ್ಟಿಗೆಯ ಮೇಲೆ ಅತ್ತೆ ದಿಂಬು ಹಾಕಿಕೊಂಡು ಕೂತು ಬಟಾಣಿ ಸುಲಿಯುತ್ತಿದ್ದರು.

"ಅತ್ತೆ, ಸ್ವಲ್ಪ ಏಳ್ತೀರಾ?"

"ಮಂಡಿನೋವು, ಅಳಿಯಂದಿರೇ. ಕೂತರೆ ಏಳೋಕಾಗಲ್ಲ."

ಅಡುಗೆಮನೆಯ ಕಿಟಕಿಯಲ್ಲಿ ಹೆಂಡತಿ ನಗು ನುಂಗುತ್ತಿದ್ದಳು. ಸಂಚು ಅವಳದೇ ಎಂದು ಗೊತ್ತಾಯಿತು. ಗೊತ್ತಾಗಿ ಮಾಡುವುದೇನು? ಅತ್ತೆಯನ್ನು ಎತ್ತಿ ಪಕ್ಕಕ್ಕಿಡುವ ವಿದ್ಯೆ ಯಾವ ಎಂಜಿನಿಯರಿಂಗಿನಲ್ಲೂ ಇಲ್ಲ.

ದಿನಾ ಅದೇ. ಬಟಾಣಿ ಮುಗಿದರೆ ಹೆಣಿಗೆ, ಹೆಣಿಗೆ ಮುಗಿದರೆ ತೂಕಡಿಕೆ. ಬೇರೆ ಕೆಲಸವಿಲ್ಲದೆ ಅಳಿಯನೂ ಪಕ್ಕದಲ್ಲಿ ಕೂತು ಬಟಾಣಿ ಸುಲಿದ. ಅವನ ಮದುವೆಯಾದಂದಿನಿಂದ ಅತ್ತೆ ಅಳಿಯ ಅಷ್ಟು ಮಾತಾಡಿದ್ದೇ ಇರಲಿಲ್ಲ.

ಮೂರನೇ ವಾರದಲ್ಲೊಮ್ಮೆ ಅತ್ತೆ ಊಟಕ್ಕೆಂದು ಒಳಗೆ ಹೋದರು, ಮಂಡಿನೋವು ಮರೆತು ಸರಸರನೆ. ಅವನು ಮುಚ್ಚಳ ತೆಗೆದ. ಸ್ಪಂಜಿನ ತುಂಬ ಕಂದು ಲೋಳೆ. ಕೈ ತುರಿಸಿತು. ಕೊಳದತ್ತ ತಿರುಗಿ ನೋಡಿದ: ಮೀನುಗಳು ಬಾಯಿ ಬಿಡುತ್ತಿರಲಿಲ್ಲ; ತಳದಲ್ಲಿ ಹಾಯಾಗಿ ಸುತ್ತುತ್ತಿದ್ದವು. ತಳ ಕಾಣುತ್ತಿತ್ತು! ಮಗು ಮಲಗಿದ ಕೋಣೆಯ ಬಾಗಿಲು ಹಾಕುವಂತೆ ಮೆಲ್ಲಗೆ ಮುಚ್ಚಳ ಮುಚ್ಚಿದ.

ತಿಂಗಳು ತುಂಬುವಷ್ಟರಲ್ಲಿ ನೀರು ಕನ್ನಡಿಯಾಯಿತು. ಬೇಲಿಯಾಚೆಯ ದರ್ಜಿ ಕತ್ತು ಚಾಚಿ, "ಏನ್ ಮಾಡಿದ್ರಿ ಸಾರ್?" ಎಂದ.

"ನನ್ನ ನಕ್ಷೆ..." ಎಂದು ಶುರುಮಾಡಿದವನು ಅತ್ತೆಯ ಮುಖ ನೋಡಿ ಗಂಟಲು ಸರಿಪಡಿಸಿಕೊಂಡ. "ನಾನೇನೂ ಮಾಡಲಿಲ್ಲಪ್ಪ. ನಮ್ಮತ್ತೆ ಕೂತಿದ್ರು, ಅಷ್ಟೆ."

ದರ್ಜಿಗೆ ತಲೆಬುಡ ಅರ್ಥವಾಗಲಿಲ್ಲ. ಆದರೂ ಅತ್ತೆಗೊಂದು ನಮಸ್ಕಾರ ಹಾಕಿ ಹೋದ.