ಹಸಿದ ಹನ್ನೆರಡು ಬಾಯಿಗಳು

ಹಸಿದ ಬಾಯಿ ಕಂಡರೆ ಅತ್ತೆಗೆ ಸುಮ್ಮನಿರಲು ಆಗುವುದಿಲ್ಲ. ಮೀಟರ್ ನೋಡಲು ಬಂದವನೂ ಉಂಡೇ ಹೋಗಬೇಕು. ಬೇಡ ಎಂದವನ ಪಾಡು ಯಾರಿಗೂ ಬೇಡ. ಅಂಥವರು ಸಸ್ಯೋದ್ಯಾನದ ಮಳೆಗಾಲದ ಪ್ರದರ್ಶನಕ್ಕೆ ಒಂದು ಗಂಟೆ ಮೊದಲೇ ಬಂದರೆ ಏನಾಗಬೇಕೋ ಅದೇ ಆಯಿತು.

ಬಂದದ್ದು ಸೊಸೆಗಾಗಿ. ಅವಳು ಅಲ್ಲಿ ಮಕ್ಕಳಿಗೆ ಗಿಡಗಳ ಪಾಠ ಹೇಳುವವಳು. ಐದು ವರ್ಷದಿಂದ ಹಂಗಾಮಿ. ಇವತ್ತು ನಿರ್ದೇಶಕರೇ ಬಂದು ಪಾಠ ನೋಡುತ್ತಾರೆ. ಹಿಡಿಸಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಇವತ್ತೇ ಕೊನೆ. ಆ ಗಾಬರಿಯಲ್ಲಿ ಬೆಳಗ್ಗೆ ಒಂದು ತುತ್ತೂ ಮುಟ್ಟದೆ ಓಡಿದ್ದಳು. ಅತ್ತೆ ಡಬ್ಬಿಯಲ್ಲಿ ಬೆಣ್ಣೆ ಸವರಿದ ಬ್ರೆಡ್ಡು ತುಂಬಿಕೊಂಡು ಹಿಂದೆಯೇ ಹೊರಟರು.

ಗಾಜಿನ ಮನೆಯಲ್ಲಿ ಸೊಸೆ ಇರಲಿಲ್ಲ, ಮಕ್ಕಳನ್ನು ಕರೆತರಲು ಗೇಟಿಗೆ ಹೋಗಿದ್ದಳು. ಮೇಜಿನ ಮೇಲೆ ಮೂರು ಕುಂಡ, ಮೂರರಲ್ಲೂ ನೊಣ ಹಿಡಿಯುವ ಗಿಡ. ಒಟ್ಟು ಹನ್ನೆರಡು ಪುಟ್ಟ ಬಾಯಿ, ಒಳಗೆಲ್ಲ ಕೆಂಪು, ಆ ಎಂದು ತೆರೆದುಕೊಂಡು ಕೂತಿವೆ. ಅತ್ತೆಯ ಕರುಳು ಚುರ್ ಎಂದಿತು.

"ಅಯ್ಯೋ ಪಾಪ, ಇವಕ್ಕೂ ಬೆಳಗ್ಗಿಂದ ಏನೂ ಹಾಕಿಲ್ಲ ಅಂತ ಕಾಣುತ್ತೆ!"

'ಕೈಯಿಂದ ಮುಟ್ಟಬಾರದು' ಎಂಬ ಫಲಕವಿತ್ತು. ಅತ್ತೆ ಓದಿದರು, ಪಾಲಿಸಿದರು. ತಲೆಯ ಪಿನ್ನು ಕಿತ್ತು, ಅದರ ತುದಿಯಿಂದ ಒಂದೊಂದು ಬಾಯಿಗೂ ಬ್ರೆಡ್ಡಿನ ಚೂರು ಒತ್ತಿ ಇಟ್ಟರು. ಒಂದೊಂದೂ ಗಬಕ್ಕನೆ ಮುಚ್ಚಿಕೊಂಡಿತು. ಮನೆಯಲ್ಲಿ ಯಾರೂ ಹೀಗೆ ತಕರಾರಿಲ್ಲದೆ ಉಂಡದ್ದಿಲ್ಲ. ಅತ್ತೆ ಸಮಾಧಾನದಿಂದ ಮೂಲೆಯ ಕುರ್ಚಿಯಲ್ಲಿ ಕೂತರು.

ಸೊಸೆ ಮೂವತ್ತು ಮಕ್ಕಳನ್ನೂ ನಿರ್ದೇಶಕರನ್ನೂ ಕರೆದುಕೊಂಡು ಬಂದಳು. "ನೋಡಿ ಮಕ್ಕಳೇ, ನಾನು ಕಡ್ಡಿ ತಾಗಿಸಿದ ಕೂಡ್ಲೇ ಇದು..." ಎನ್ನುತ್ತ ಕುಂಡದ ಕಡೆ ತಿರುಗಿದವಳ ಮುಖ ಸುಣ್ಣದಂತೆ ಬಿಳಿಚಿಕೊಂಡಿತು. ಮುಚ್ಚಿಕೊಳ್ಳಲು ತೆರೆದ ಬಾಯಿ ಒಂದೂ ಉಳಿದಿರಲಿಲ್ಲ.

"ಏನಮ್ಮಾ ಇದು?" ನಿರ್ದೇಶಕರು ಗಡಿಯಾರ ನೋಡಿಕೊಂಡರು.

ತಾವು ಮಾಡಿದ ಘನಕಾರ್ಯ ಅತ್ತೆಗೆ ತಿಳಿದದ್ದು ಆಗಲೇ. ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೂ ಎದ್ದರು.

"ಸ್ವಾಮೀ, ಅವಳದ್ದೇನೂ ತಪ್ಪಿಲ್ಲ. ತಿನ್ನಿಸಿದ್ದು ನಾನು. ಬೆಣ್ಣೆ ಬ್ರೆಡ್ಡು. ಕೈ ಮಾತ್ರ ಮುಟ್ಟಿಸಿಲ್ಲ, ಸತ್ಯವಾಗಿ!"

ಮಕ್ಕಳು ಹೋ ಎಂದು ನಕ್ಕವು. ಸೊಸೆ ಒಂದು ಗಳಿಗೆ ಕಣ್ಣು ಮುಚ್ಚಿದಳು. ಆಮೇಲೆ ಚಿಮಟ ಎತ್ತಿಕೊಂಡು ಒಂದು ಬಾಯನ್ನು ಮೆಲ್ಲಗೆ ಬಿಡಿಸಿ ತೋರಿಸಿದಳು.

"ಬ್ರೆಡ್ಡು ಹಾಗೇ ಇದೆ, ನೋಡಿದ್ರಾ? ನೊಣ ಆಗಿದ್ರೆ ಒಳಗೆ ಒದ್ದಾಡ್ತಿತ್ತು. ಒದ್ದಾಡಿದ್ರೆ ಮಾತ್ರ ಗಿಡ ಅರಗಿಸೋಕೆ ಶುರು ಮಾಡುತ್ತೆ. ಇದು ಅಲ್ಲಾಡಲ್ಲ. ಮೋಸ ಹೋದೆ ಅಂತ ಗೊತ್ತಾಗಿ ನಾಳೆ ತಾನೇ ಬಾಯಿ ಬಿಡುತ್ತೆ."

"ಉಗಿಯುತ್ತಾ?" ಒಬ್ಬ ಹುಡುಗಿ ಕೇಳಿದಳು.

"ನಾಳೆ ಬಂದು ನೋಡು."

ಮೂವತ್ತು ಮಕ್ಕಳೂ ಬರುತ್ತೇವೆಂದು ಕುಣಿದವು. ನಿರ್ದೇಶಕರು ನಗು ತಡೆಯಲಾರದೆ, "ನಾನೂ ಬರ್ತೀನಮ್ಮ. ಆ ಕಾಯಂ ಕಾಗದ ಇಲ್ಲೇ ಕೊಡು, ಸಹಿ ಹಾಕಿಬಿಡ್ತೀನಿ" ಎಂದರು.

ಅತ್ತೆಗೆ ಮಾತ್ರ ಸಂಕಟ. ತಮ್ಮ ಕೈತುತ್ತನ್ನು ಉಗಿಯುವ ಬಾಯಿಯೂ ಲೋಕದಲ್ಲಿದೆಯೇ! "ಬೆಣ್ಣೆ ಕಡಿಮೆ ಆಯ್ತೇನೋ. ಇನ್ನೊಂದು ಚೂರು..." ಎಂದು ಮತ್ತೆ ಡಬ್ಬಿಗೆ ಕೈ ಹಾಕಿದರು.

"ಅತ್ತೆ! ಕೂತ್ಕೊಳ್ಳಿ!"

ಸೊಸೆ ಅವರ ಮುಂದೆ ಒಂದು ದಿನವೂ ದನಿ ಎತ್ತಿದವಳಲ್ಲ. ಅತ್ತೆ ಆ ಕಡೆ ಈ ಕಡೆ ನೋಡಿ, ಮಕ್ಕಳ ಮೊದಲ ಸಾಲಿನಲ್ಲೇ ಜಾಗ ಮಾಡಿಕೊಂಡು ಕೂತರು. ಕೈ ಕಟ್ಟಿಕೊಂಡರು. ಪಕ್ಕದಲ್ಲಿದ್ದ ಅದೇ ಹುಡುಗಿಯ ಕಿವಿಯಲ್ಲಿ, "ನನ್ನ ಸೊಸೆ. ಇಷ್ಟು ಚೆನ್ನಾಗಿ ಪಾಠ ಹೇಳ್ತಾಳೆ ಅಂತ ನಂಗೆ ಗೊತ್ತೇ ಇರ್ಲಿಲ್ಲ ನೋಡು" ಎಂದರು. ಅವರ ಕಣ್ಣು ತುಂಬಿತ್ತು.

"ಮಾತಾಡ್ಬೇಡಿ ಅಜ್ಜಿ," ಎಂದಳು ಹುಡುಗಿ, "ಟೀಚರ್ ಬೈತಾರೆ."